ಹೊರೆ ಹೊರುವ ಪ್ರೋಟೀನುಗಳು: ಜೀವಸತ್ವ ‘ಎ’ ಮತ್ತು ನಮ್ಮ ಹಿರಿಯರ ಹೃದಯ



ವೈದ್ಯರನ್ನು ಉಪನ್ಯಾಸಕ್ಕೆ ಕರೆದರೆ ಊಟಕ್ಕೆ ಮೊದಲೇ ಭಯ ಹುಟ್ಟಿಸುತ್ತಾರೆಂಬ ಆಕ್ಷೇಪವುಂಟು. ಭಯ ಹುಟ್ಟಿಸುವುದು ನಮ್ಮ ಉದ್ದೇಶವಲ್ಲ. ಆದರೆ ನಾವೇ ಎಸಗಿದ ಒಂದು ತಪ್ಪನ್ನು ಈ ಸಭೆಯಲ್ಲಿ ಒಪ್ಪಿಕೊಳ್ಳಬೇಕಾಗಿದೆ. ಅದಕ್ಕೆ ಪೀಠಿಕೆಯಾಗಿ ಕೊಂಚ ವಿಜ್ಞಾನವನ್ನು ಹೇಳುತ್ತೇವೆ.

ಹುಬ್ಬಳ್ಳಿಯಲ್ಲಿ ಎಂ.ಬಿ.ಬಿ.ಎಸ್. ಓದುತ್ತಿದ್ದಾಗ ಇರುಳುಗುರುಡಿನ ಮಕ್ಕಳನ್ನು ಕಂಡಿದ್ದೆವು. ದೀಪ ಹಚ್ಚುವ ಹೊತ್ತಾದರೆ ಆ ಮಕ್ಕಳು ತಾಯಿಯ ಸೆರಗು ಬಿಡುತ್ತಿರಲಿಲ್ಲ. ಇಂಥ ಕುರುಡನ್ನು ತಡೆಯಲೆಂದು ಭಾರತ ಸರ್ಕಾರವು 1970ರಲ್ಲಿ ರಾಷ್ಟ್ರೀಯ ಯೋಜನೆಯೊಂದನ್ನು ಆರಂಭಿಸಿತು. ಚಿಕ್ಕ ಮಕ್ಕಳಿಗೆ ಆರು ತಿಂಗಳಿಗೊಮ್ಮೆ 2 ಲಕ್ಷ ಯೂನಿಟ್ ಜೀವಸತ್ವ ‘ಎ’ ಕುಡಿಸುವುದು ಅದರ ಕ್ರಮ. ಕೊರತೆಯಿದ್ದರೆ ಕೊಟ್ಟರಾಯಿತು ಎಂಬುದೇ ಅಂದಿನ ನಮ್ಮ ತಿಳಿವಳಿಕೆ.

ಆದರೆ ಕಣಜದಲ್ಲಿ ಭತ್ತ ತುಂಬಿದ್ದರೂ ಗಾಡಿಯಿಲ್ಲದಿದ್ದರೆ ಅದು ಸಂತೆಗೆ ತಲುಪದು. ಜೀವಸತ್ವ ‘ಎ’ಗೆ ನಮ್ಮ ಯಕೃತ್ತೇ ಕಣಜ. ಕೊಬ್ಬಿನಲ್ಲಿ ಕರಗುವ ಈ ವಸ್ತು ರಕ್ತದಲ್ಲಿ ತಾನಾಗಿ ಸಂಚರಿಸಲಾರದು. ಅದನ್ನು ಹೊರುವ ರೆಟಿನಾಲ್ ಬೈಂಡಿಂಗ್ ಪ್ರೋಟೀನನ್ನು ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಡಿವಿಟ್ ಗುಡ್‌ಮನ್ ಮತ್ತು ಸಂಗಡಿಗರು 1968ರಲ್ಲಿ ಬೇರ್ಪಡಿಸಿದರು. ಈ ಪ್ರೋಟೀನು ಬಹಳ ಸಣ್ಣದು. ಒಂಟಿಯಾಗಿ ಹೊರಟರೆ ಮೂತ್ರಪಿಂಡದ ಜರಡಿಯಲ್ಲಿ ಸೋರಿಹೋಗುತ್ತದೆ. ಆದ್ದರಿಂದ ಟ್ರಾನ್ಸ್‌ಥೈರೆಟಿನ್ ಎಂಬ ದೊಡ್ಡ ಪ್ರೋಟೀನಿನ ಕೈಹಿಡಿದು ಸಾಗುತ್ತದೆ. ಹೊಟ್ಟೆಗೆ ಅನ್ನ, ಬೇಳೆ ಸಾಲದ ಮಗುವಿನಲ್ಲಿ ಗಾಡಿಯೇ ಸಿದ್ಧವಾಗುವುದಿಲ್ಲ. ಕಣಜದಲ್ಲಿ ಜೀವಸತ್ವವಿದ್ದರೂ ಅದು ಕಣ್ಣಿಗೆ ತಲುಪುವುದಿಲ್ಲ.

ಇಂಥ ವಾಹಕಗಳ ಅಧ್ಯಯನದಲ್ಲಿ ಕನ್ನಡಿಗರ ಪಾಲೂ ಇದೆಯೆಂಬುದು ನಮಗೆ ಹೆಮ್ಮೆಯ ಸಂಗತಿ. ಉಡುಪಿ ಜಿಲ್ಲೆಯ ಬಾರ್ಕೂರಿನಲ್ಲಿ 1935ರಲ್ಲಿ ಜನಿಸಿದ ಡಾ. ಪಿ. ಆರ್. ಅಡಿಗರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಜೀವಸತ್ವಗಳನ್ನು ಹೊರುವ ಪ್ರೋಟೀನುಗಳ ಕುರಿತು ದೀರ್ಘಕಾಲ ಸಂಶೋಧನೆ ನಡೆಸಿದರು. ತಾಯಿಯಿಂದ ಗರ್ಭಸ್ಥ ಶಿಶುವಿಗೆ, ಕೋಳಿಯಿಂದ ಮೊಟ್ಟೆಗೆ ಜೀವಸತ್ವಗಳು ಸಾಗುವ ಬಗೆ ಅವರ ಆಸಕ್ತಿಯ ವಿಷಯ. 1980ರಲ್ಲಿ ಅವರಿಗೆ ಭಟ್ನಾಗರ್ ಪ್ರಶಸ್ತಿ ಸಂದಿತು. 2006ರಲ್ಲಿ ಅವರು ತೀರಿಕೊಂಡರು.

ಈಗ ನಮ್ಮ ತಪ್ಪಿಗೆ ಬರುತ್ತೇವೆ. ಕೆಲವು ವರ್ಷಗಳ ಹಿಂದೆ, ಮಗನ ಮನೆಗೆ ಬಂದಿದ್ದ ನಿವೃತ್ತ ಉಪಾಧ್ಯಾಯರೊಬ್ಬರು ನಮ್ಮಲ್ಲಿಗೆ ಬಂದರು. ಮೆಟ್ಟಿಲು ಹತ್ತಿದರೆ ಏದುಸಿರು, ಸಂಜೆ ಕಾಲಲ್ಲಿ ಬಾವು. ಎಕೋ ಪರೀಕ್ಷೆಯಲ್ಲಿ ಹೃದಯದ ಗೋಡೆ ದಪ್ಪಗಾಗಿತ್ತು. ರಕ್ತದೊತ್ತಡದ ಫಲವೆಂದು ಬಗೆದು ಮಾತ್ರೆ ಬರೆದೆವು. ಎದ್ದು ನಿಂತರೆ ತಲೆ ಸುತ್ತುತ್ತದೆ ಎಂದಾಗ, “ವಯಸ್ಸಾಯಿತಲ್ಲ ಮೇಷ್ಟ್ರೇ” ಎಂದೆವು. ಎರಡೂ ಮುಂಗೈಗಳಲ್ಲಿ ಹಳೆಯ ಶಸ್ತ್ರಚಿಕಿತ್ಸೆಯ ಗುರುತಿತ್ತು. ಕೇಳಲಿಲ್ಲ. ಅದು ಕಾರ್ಪಲ್ ಟನಲ್ ತೊಂದರೆಗೆ ಆದ ಶಸ್ತ್ರಚಿಕಿತ್ಸೆ. ರೋಗ ವರ್ಷಗಳ ಮೊದಲೇ ಕೈಯಲ್ಲಿ ಸಹಿ ಮಾಡಿತ್ತು. ಓದಲು ನಮಗೆ ಬರಲಿಲ್ಲ.

ಅದು ಟ್ರಾನ್ಸ್‌ಥೈರೆಟಿನ್ ಅಮೈಲಾಯ್ಡ್ ರೋಗ. ನಾಲ್ಕು ತುಂಡುಗಳು ಕೂಡಿ ಆದ ಈ ಪ್ರೋಟೀನು ಮುಪ್ಪಿನಲ್ಲಿ, ಇಲ್ಲವೇ ವಂಶವಾಹಿಯ ದೋಷದಿಂದ, ಬಿಡಿಬಿಡಿಯಾಗುತ್ತದೆ. ಬಿಡಿಯಾದ ತುಂಡುಗಳು ಮಡಿಕೆ ತಪ್ಪಿ ಎಳೆಗಳಾಗಿ ಹೃದಯದಲ್ಲಿ, ನರಗಳಲ್ಲಿ ಶೇಖರವಾಗುತ್ತವೆ. ಹೊರೆ ಹೊರುತ್ತಿದ್ದುದೇ ಹೊರೆಯಾಗುತ್ತದೆ. ಅಮೆರಿಕದ ಕರಿಯ ಜನಾಂಗದವರಲ್ಲಿ ಶೇಕಡಾ 3ರಿಂದ 4 ಮಂದಿಯಲ್ಲಿ ಇಂಥ ಒಂದು ವಂಶವಾಹಿ ದೋಷವಿದೆ. ಮುಪ್ಪಿನ ರೂಪ ಮಾತ್ರ ಯಾವ ಜನಾಂಗವನ್ನೂ ಬಿಟ್ಟಿಲ್ಲ.

ಇದರ ಕಥೆಯಲ್ಲಿ ನಮ್ಮ ಟೆಕ್ಸಾಸ್ ಎರಡು ಬಾರಿ ಬರುತ್ತದೆ. 1974ರಲ್ಲಿ ಡಲ್ಲಾಸಿನ ವೈದ್ಯರು ಹೃದಯಾಘಾತವನ್ನು ಗುರುತಿಸಲು ಪೈರೋಫಾಸ್ಫೇಟ್ ಸ್ಕ್ಯಾನನ್ನು ಬಳಸಿದರು. ಮುಂದೆ ಆ ಬಳಕೆ ಹಿಂದೆ ಸರಿಯಿತು. ಅದೇ ಸ್ಕ್ಯಾನು ಇಂದು, ರಕ್ತ ಮತ್ತು ಮೂತ್ರ ಪರೀಕ್ಷೆಗಳ ಜೊತೆಗೂಡಿ, ಅನೇಕರಲ್ಲಿ ಹೃದಯದ ತುಣುಕು ತೆಗೆಯದೆಯೇ ಈ ರೋಗವನ್ನು ತೋರಿಸಿಕೊಡುತ್ತದೆ. ಡಲ್ಲಾಸ್, ಹ್ಯೂಸ್ಟನ್, ಆಸ್ಟಿನ್‌ಗಳ ನಡುವಣ ಕಾಲೇಜ್ ಸ್ಟೇಷನ್ನಿನಲ್ಲಿ, ಟೆಕ್ಸಾಸ್ ಎ ಅಂಡ್ ಎಂ ವಿಶ್ವವಿದ್ಯಾಲಯದ ಜೆಫ್ರಿ ಕೆಲಿ ಎಂಬ ರಸಾಯನ ವಿಜ್ಞಾನಿ 1990ರ ದಶಕದಲ್ಲಿ ಈ ಪ್ರೋಟೀನು ಒಡೆಯುವ ಬಗೆಯನ್ನು ಅರಿಯಲೆತ್ನಿಸಿದರು. ಬಳಿಕ ಕ್ಯಾಲಿಫೋರ್ನಿಯಾಕ್ಕೆ ತೆರಳಿದರು. ಆ ಶೋಧದ ಫಲವಾದ ಟಫಾಮಿಡಿಸ್ ಔಷಧಕ್ಕೆ ಹೃದಯದ ಈ ರೋಗಕ್ಕಾಗಿ 2019ರಲ್ಲಿ ಅಮೆರಿಕದಲ್ಲಿ ಅನುಮತಿ ದೊರೆಯಿತು. ಅದು ನಾಲ್ಕು ತುಂಡುಗಳನ್ನು ಅಗಲದಂತೆ ಹಿಡಿದಿಡುತ್ತದೆ.

ಯಕೃತ್ತು ಈ ಪ್ರೋಟೀನನ್ನು ತಯಾರಿಸುವುದನ್ನೇ ತಗ್ಗಿಸುವ ಔಷಧಗಳೂ 2018ರಿಂದ ಬಂದಿವೆ. ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ವಾಹಕ ಕಡಿಮೆಯಾದಾಗ ರಕ್ತದಲ್ಲಿ ಜೀವಸತ್ವ ‘ಎ’ಯ ಅಂಕಿಯೂ ಇಳಿಯುತ್ತದೆ. ಕಣಜ ಬರಿದಾಗಿದೆಯೆಂದು ಅದರ ಅರ್ಥವಲ್ಲ. ದಿನದ ಸಾಮಾನ್ಯ ಪ್ರಮಾಣ, ಅಂದರೆ ಗಂಡಸರಿಗೆ 900, ಹೆಂಗಸರಿಗೆ 700 ಮೈಕ್ರೋಗ್ರಾಂ, ಸಾಕು. ಅಂಕಿಯನ್ನು ಮೇಲೇರಿಸಲೆಂದು ದೊಡ್ಡ ಮಾತ್ರೆ ನುಂಗಿದರೆ ಯಕೃತ್ತಿಗೆ ವಿಷವಾದೀತು; ಗರ್ಭಿಣಿಯರಲ್ಲಿ ಶಿಶುವಿನ ಅಂಗವೈಕಲ್ಯಕ್ಕೂ ಕಾರಣವಾದೀತು. ರಾತ್ರಿ ಕಣ್ಣು ಮಂದವಾದರೆ ಕೂಡಲೇ ನೇತ್ರವೈದ್ಯರನ್ನು ಕಾಣಬೇಕು. ಊರಿಗೆ ಹೊರಟಾಗ ಸೂಟ್‌ಕೇಸಿನಲ್ಲಿ ವಿಟಮಿನ್ ಡಬ್ಬಿಗಳನ್ನು ತುಂಬುವ ನಾವೆಲ್ಲರೂ ಇದನ್ನು ನೆನಪಿಡಬೇಕು.

ಮೇಷ್ಟ್ರ ರೋಗ ಪತ್ತೆಯಾಗುವಷ್ಟರಲ್ಲಿ ಎರಡು ವರ್ಷ ಕಳೆದಿತ್ತು. ಔಷಧ ರೋಗದ ನಡಿಗೆಯನ್ನು ನಿಧಾನಗೊಳಿಸಿತು. ಕಳೆದುಹೋದುದನ್ನು ಮರಳಿ ಕೊಡಲಿಲ್ಲ. ಕ್ಷಮೆ ಕೇಳಿದಾಗ ಅವರು, “ಪಾಠ ಕಲಿತಿರಲ್ಲ, ಮುಂದಿನ ತರಗತಿಗೆ ಹೇಳಿ” ಎಂದರು. ಆ ಮಾತನ್ನು ಇಂದು ನಡೆಸುತ್ತಿದ್ದೇವೆ.

ಆದುದರಿಂದ ಬಂಧುಗಳೆ, ಈ ವಾರ ಊರಿಗೆ ಫೋನು ಮಾಡಿದಾಗ ಅಪ್ಪ, ಅಮ್ಮ, ಅತ್ತೆ, ಮಾವಂದಿರನ್ನು ಕೇಳಿರಿ: ಎರಡೂ ಕೈ ಜೋಮು ಹಿಡಿಯುತ್ತದೆಯೆ? ಹಿಂದೆ ಮುಂಗೈಗೆ ಶಸ್ತ್ರಚಿಕಿತ್ಸೆ ಆಗಿತ್ತೆ? ನಡೆದರೆ ಏದುಸಿರು ಬರುತ್ತದೆಯೆ? ಎದ್ದಾಗ ತಲೆ ಸುತ್ತುತ್ತದೆಯೆ? ಇವು ಬೇರೆ ಕಾರಣಗಳಿಂದಲೂ ಬರಬಹುದು. ಆದರೆ ಕೂಡಿ ಬಂದಾಗ, “ಇದು ಅಮೈಲಾಯ್ಡ್ ಇರಬಹುದೆ?” ಎಂದು ಹೃದಯವೈದ್ಯರನ್ನು ಕೇಳಲು ಸಂಕೋಚ ಬೇಡ. ವೈದ್ಯರು “ವಯಸ್ಸಾಯಿತು” ಎಂದರೆ, ಅವರು ನಾವೇ ಆಗಿದ್ದರೂ, ಇನ್ನೊಮ್ಮೆ ಕೇಳಿರಿ.