ಕಾರ್ಖಾನೆ ಮುಚ್ಚಿತು, ಲಾರಿ ಇನ್ನೂ ಓಡ್ತಿದೆ: ಪಾಕಿಸ್ತಾನದ ಬೆಡ್‌ಫರ್ಡ್ ಕಥೆ

 

ಇವತ್ತು ಒಂದು ಲಾರಿ ಕಥೆ. ರೀಲ್ಸ್‌ನಲ್ಲಿ ನೀವೂ ನೋಡಿರ್ತೀರಿ, ಪಾಕಿಸ್ತಾನದ ಲಾರಿಗಳು. ಮೈತುಂಬಾ ನವಿಲು, ಹದ್ದು, ಹೂವು, ಸಿನಿಮಾ ನಟಿಯರು. ಕ್ಯಾಬಿನ್ ಮೇಲೆ ಕಿರೀಟದ ಥರ ಎತ್ತರದ ಹಲಗೆ, ಅದಕ್ಕೆ ಅಲ್ಲಿ 'ತಾಜ್' ಅಂತಾನೇ ಹೆಸರು. ಬಂಪರ್ ಕೆಳಗೆ ಸಾಲಾಗಿ ತೂಗೋ ಸರಪಳಿ. ಅಫ್ಘಾನಿಸ್ತಾನದಲ್ಲಿದ್ದ ಅಮೆರಿಕನ್ ಸೈನಿಕರು ಆ ಸದ್ದು ಕೇಳಿ ಇಂಥ ಲಾರಿಗಳನ್ನ 'ಜಿಂಗಲ್ ಟ್ರಕ್' ಅಂತ ಕರೀತಿದ್ರು.

ನಾವು ಬಣ್ಣ ನೋಡ್ತೀವಿ, ಲೈಕ್ ಒತ್ತಿ ಮುಂದೆ ಹೋಗ್ತೀವಿ. ಮುಂದಿನ ಸಲ ವಿಡಿಯೋ ನಿಲ್ಲಿಸಿ, ಬಾನೆಟ್ ನೋಡಿ. ಎಷ್ಟೋ ಲಾರಿಗಳ ಮೂತಿ ಮೇಲೆ ಒಂದು ಇಂಗ್ಲಿಷ್ ಹೆಸರು ಕಾಣುತ್ತೆ: ಬೆಡ್‌ಫರ್ಡ್. ಈ ಹೆಸರಿನ ಲಾರಿ ಮಾಡ್ತಿದ್ದ ಕಾರ್ಖಾನೆ ಇವತ್ತು ಇಲ್ಲ. ಲಾರಿ ಮಾತ್ರ ಈರುಳ್ಳಿ, ಸಿಮೆಂಟು, ಗೋಧಿ ಹೊತ್ಕೊಂಡು ಓಡ್ತಾನೇ ಇದೆ. ಅದು ಹೇಗೆ ಅನ್ನೋದೇ ಇವತ್ತಿನ ಪ್ರಶ್ನೆ.

ಮೊದಲು ಹುಟ್ಟಿದ ಊರು. ಇಂಗ್ಲೆಂಡಿನ ಬೆಡ್‌ಫರ್ಡ್‌ಶೈರ್ ಅನ್ನೋ ಕೌಂಟಿಯಲ್ಲಿ ಲೂಟನ್ ಅಂತ ಊರು. ಅಲ್ಲಿ ವಾಕ್ಸ್‌ಹಾಲ್ ಅನ್ನೋ ಕಾರು ಕಂಪನಿ ಇತ್ತು. ಅದನ್ನ 1925ರಲ್ಲಿ ಅಮೆರಿಕದ ಜನರಲ್ ಮೋಟಾರ್ಸ್ ಕೊಂಡ್ಕೊಳ್ತು. 1931ರಲ್ಲಿ 'ಬೆಡ್‌ಫರ್ಡ್' ಹೆಸರಲ್ಲಿ ಮೊದಲ ಲಾರಿ ಹೊರಬಂತು. ಎರಡನೇ ಮಹಾಯುದ್ಧದಲ್ಲಿ ಬ್ರಿಟಿಷ್ ಸೈನ್ಯಕ್ಕೆ ಲಕ್ಷಗಟ್ಟಲೆ ಬೆಡ್‌ಫರ್ಡ್ ಲಾರಿ ಹೋಯ್ತು. ಯುದ್ಧ ಮುಗಿದ ಮೇಲೆ ಹಳೇ ವಸಾಹತುಗಳ ರಸ್ತೆಗೂ ಇದೇ ಲಾರಿ ಬಂತು. ನಮ್ಮ ದೇಶದಲ್ಲೂ ಹಿಂದೂಸ್ತಾನ್ ಮೋಟಾರ್ಸ್ ಬೆಡ್‌ಫರ್ಡ್ ಲಾರಿ ತಯಾರಿಸ್ತಾ ಇತ್ತು. ಅಂಬಾಸಡರ್ ಕಾರು ಮಾಡಿದ ಕಂಪನಿಯೇ.

ಪಾಕಿಸ್ತಾನದಲ್ಲಿ ಕಥೆ ಶುರುವಾಗೋದು ಕರಾಚಿಯಿಂದ. 1950ರ ದಶಕದಲ್ಲಿ ಜನರಲ್ ಮೋಟಾರ್ಸ್ ಅಲ್ಲಿ ವಾಹನ ಜೋಡಿಸೋ ಘಟಕ ಹಾಕ್ತು. 1963ರಲ್ಲಿ ಅದು ಅಲ್ಲಿನವರ ಕೈಗೆ ಬಂದು ಗಂಧಾರ ಇಂಡಸ್ಟ್ರೀಸ್ ಆಯ್ತು. 1972ರಲ್ಲಿ ರಾಷ್ಟ್ರೀಕರಣವಾಗಿ ನ್ಯಾಷನಲ್ ಮೋಟಾರ್ಸ್ ಆಯ್ತು. ಬೋರ್ಡು ಬದಲಾಗ್ತಾ ಹೋಯ್ತು, ಬೆಡ್‌ಫರ್ಡ್ ಮಾತ್ರ ಬರ್ತಾನೇ ಇತ್ತು. 1958ರಲ್ಲಿ ಬಂದ ಜೆ ಸರಣಿಯ ಉರುಟು ಮೂತಿಯ ಲಾರಿಗೆ ಅಲ್ಲಿನ ಡ್ರೈವರ್‌ಗಳು ಇಟ್ಟ ಹೆಸರು 'ರಾಕೆಟ್'. ನಿಜವಾದ ರಾಕೆಟ್ಟಿಗೂ ಇದರ ಸ್ಪೀಡಿಗೂ ಸಂಬಂಧ ಇಲ್ಲ, ಅದು ಬೇರೆ ಮಾತು.

ಆಮೇಲೆ ಇಂಗ್ಲೆಂಡಲ್ಲಿ ಏನಾಯ್ತು? ಬ್ರಿಟಿಷ್ ಸೈನ್ಯದ ಒಂದು ದೊಡ್ಡ ಆರ್ಡರ್ ಕೈತಪ್ಪಿತು. 1986ರಲ್ಲಿ ಜನರಲ್ ಮೋಟಾರ್ಸ್ ದೊಡ್ಡ ಲಾರಿಗಳ ವ್ಯಾಪಾರ ಸಾಕು ಅಂತು. ಮಾರನೇ ವರ್ಷ ಕಾರ್ಖಾನೆ ಕೊಂಡವರು ಎಡಬ್ಲ್ಯೂಡಿ ಅನ್ನೋ ಹೆಸರಲ್ಲಿ ನಡೆಸಿದ್ರು, 1992ಕ್ಕೆ ಅವರೂ ಮುಳುಗಿದ್ರು. ಇವತ್ತು ಇಂಗ್ಲೆಂಡಲ್ಲಿ ಹಳೇ ಬೆಡ್‌ಫರ್ಡ್ ನೋಡ್ಬೇಕು ಅಂದ್ರೆ ವಿಂಟೇಜ್ ಮೇಳಕ್ಕೆ ಹೋಗ್ಬೇಕು. ಅಲ್ಲಿ ಅದು ಮಾಲೀಕರ ಭಾನುವಾರದ ಪ್ರೀತಿ, ಪಾಲಿಶ್ ಹೊಡೆಸ್ಕೊಂಡು ನಿಂತಿರುತ್ತೆ. ಪಾಕಿಸ್ತಾನದಲ್ಲಿ ಅದೇ ಪ್ರೀತಿ ಸೋಮವಾರ ಬೆಳಿಗ್ಗೆ ಲೋಡ್ ಎತ್ತಬೇಕು.

ನಾನು ಓದಿದ್ದು ಬಿ.ಕಾಂ., ಹಾಗಾಗಿ ಒಂದು ಲೆಕ್ಕ ಹೇಳದೆ ಬಿಡಲ್ಲ. ನಮ್ಮ ಆದಾಯ ತೆರಿಗೆ ಲೆಕ್ಕದಲ್ಲಿ ಬಾಡಿಗೆಗೆ ಓಡೋ ಲಾರಿಗೆ ಸವಕಳಿ, ಅಂದ್ರೆ ಡಿಪ್ರಿಸಿಯೇಶನ್, ವರ್ಷಕ್ಕೆ ಶೇ. 30. ಅದೂ ಉಳಿದ ಬೆಲೆ ಮೇಲೆ. 10 ಲಕ್ಷದ ಲಾರಿ ಅಂತ ಇಟ್ಕೊಳ್ಳಿ. ಒಂದು ವರ್ಷಕ್ಕೆ 7 ಲಕ್ಷ. ಐದು ವರ್ಷಕ್ಕೆ 1 ಲಕ್ಷ 68 ಸಾವಿರ. ಹತ್ತು ವರ್ಷಕ್ಕೆ 28 ಸಾವಿರ ಚಿಲ್ಲರೆ, ಒಂದು ಫೋನಿನ ಬೆಲೆ. ನಲವತ್ತು ವರ್ಷದ ಬೆಡ್‌ಫರ್ಡ್‌ನ ಈ ಲೆಕ್ಕಕ್ಕೆ ಹಾಕಿದ್ರೆ ಪುಸ್ತಕದಲ್ಲಿ ಒಂದು ರೂಪಾಯಿಯೂ ಉಳಿಯಲ್ಲ. ಆದ್ರೆ ಪುಸ್ತಕದಲ್ಲಿ ಸೊನ್ನೆ ಆಗಿರೋ ಆ ಲಾರಿ ಇವತ್ತು ಸಂಜೆ ಒಂದು ಮನೆಗೆ ದುಡ್ಡು ತರುತ್ತೆ. ಸಾಲ ತೀರಿ ಎಷ್ಟೋ ಕಾಲ ಆಗಿದೆ, ಇಎಂಐ ಇಲ್ಲ. ಕೆಟ್ಟಾಗ ಖರ್ಚು, ಇಲ್ಲಾಂದ್ರೆ ಇಲ್ಲ.

ಕೆಟ್ಟಾಗ ಸರಿಮಾಡೋಕೆ ಆಗುತ್ತಲ್ಲ, ಗುಟ್ಟು ಇರೋದೇ ಅಲ್ಲಿ. ಆರು ಸಿಲಿಂಡರ್ ಡೀಸೆಲ್ ಎಂಜಿನ್, ಪೂರ್ತಿ ಮೆಕ್ಯಾನಿಕಲ್ ಪಂಪು, ಉದ್ದ ಚಾಸಿ, ಪಟ್ಟೆ ಸ್ಪ್ರಿಂಗು. ಕಂಪ್ಯೂಟರ್ ಇಲ್ಲ, ಸೆನ್ಸರ್ ಇಲ್ಲ, ಕಂಪನಿಯ ಪಾಸ್‌ವರ್ಡ್ ಬೇಡ. ಸ್ಪ್ಯಾನರ್ ಇದ್ರೆ ಬಿಚ್ಚಬಹುದು. ಪಾರ್ಟ್ಸ್ ಬೇಕಾ? ಲಾಹೋರ್‌ನ ಬಾದಾಮಿ ಬಾಗ್ ಇದೆ, ವಾಹನ ಬಿಡಿಭಾಗಗಳದ್ದೇ ದೊಡ್ಡ ಪೇಟೆ. ಕರಾಚಿಯಲ್ಲಿ ಶೇರ್‌ಶಾ ಗುಜರಿ ಮಾರ್ಕೆಟ್ ಇದೆ. ಎಲ್ಲೂ ಸಿಗದಿದ್ರೆ ಲೇತ್‌ನಲ್ಲಿ ಕಡೆದು ಮಾಡಿಸ್ಕೊಳ್ತಾರೆ. ಕೆಲಸ ಕಲಿಯೋದು ಉಸ್ತಾದ್ ಹತ್ರ. ಹುಡುಗ ಗ್ಯಾರೇಜಿಗೆ ಬಂದು ಮೊದಲು ಟೀ ತರ್ತಾನೆ, ಆಮೇಲೆ ಸ್ಪ್ಯಾನರ್ ಕೊಡ್ತಾನೆ, ವರ್ಷಗಳಾದ ಮೇಲೆ ಎಂಜಿನ್ ಸದ್ದು ಕೇಳಿಯೇ ರೋಗ ಹೇಳ್ತಾನೆ.

ಬಣ್ಣವೂ ಈ ಲೆಕ್ಕದ್ದೇ ಭಾಗ. ಬಡಗಿ, ವೆಲ್ಡರ್, ಪೇಂಟರ್, ಹೊಳೆಯೋ 'ಚಮಕ್ ಪಟ್ಟಿ' ಅಂಟಿಸೋನು, ಒಂದು ಲಾರಿ ಮೇಲೆ ಇಷ್ಟು ಜನರ ಕೈ ಬೀಳುತ್ತೆ. ಪೇಶಾವರದ ಕಡೆ ಕೆತ್ತನೆಯ ಮರದ ಬಾಗಿಲು, ಸಿಂಧ್ ಕಡೆ ಒಂಟೆ ಮೂಳೆಯ ಕುಸುರಿ. ಮಾಲೀಕ ಖರ್ಚು ಮಾಡೋದು ಬರೀ ಶೋಕಿಗಲ್ಲ. ಲಾರಿಯನ್ನ ಇಷ್ಟು ಚೆನ್ನಾಗಿ ಇಟ್ಕೊಂಡವನು ನನ್ನ ಸರಕನ್ನೂ ಹುಷಾರಾಗಿ ಮುಟ್ಟಿಸ್ತಾನೆ ಅಂತ ವ್ಯಾಪಾರಿಗೆ ಅನ್ನಿಸುತ್ತೆ. ಇದೇ ಕಲೆಯ ಹೈದರ್ ಅಲಿ ಅನ್ನೋ ಕಲಾವಿದರು 2002ರಲ್ಲಿ ವಾಷಿಂಗ್ಟನ್ನಿನ ಸ್ಮಿತ್ಸೋನಿಯನ್ ಜಾನಪದ ಉತ್ಸವಕ್ಕೆ ಹೋಗಿ ಲಾರಿಗೆ ಬಣ್ಣ ಹಚ್ಚಿ ಬಂದ್ರು.

ಈ ಕಥೆ ನನಗ್ಯಾಕೆ ಹಿಡಿಸ್ತು ಹೇಳ್ತೀನಿ. ಚಿತ್ರದುರ್ಗದ ಕಡೆ ನಮ್ಮ ಸೋದರಮಾವನ ಹತ್ರ ಒಂದು ಹಳೇ ಕಾಮೆಟ್ ಲಾರಿ ಇತ್ತು. ಅದೂ ಮೂಲದಲ್ಲಿ ಇಂಗ್ಲೆಂಡಿನದೇ. ಬ್ರಿಟನ್ನಿನ ಲೇಲ್ಯಾಂಡ್ ಜೊತೆ ಸೇರಿ ಮದ್ರಾಸಿನ ಅಶೋಕ್ ಮೋಟಾರ್ಸ್ 1955ರಲ್ಲಿ ಅಶೋಕ್ ಲೇಲ್ಯಾಂಡ್ ಆಯ್ತಲ್ಲ, ಆ ವಂಶ. ಮಾವ ಪ್ರತಿ ಆಯುಧಪೂಜೆಗೆ ಅದಕ್ಕೆ ಬೂದುಗುಂಬಳಕಾಯಿ ಒಡೆದು ನಮ್ಮನ್ನೆಲ್ಲ ಹತ್ತಿಸ್ಕೊಂಡು ಒಂದು ಸುತ್ತು ಹಾಕೋರು. ಕೊನೆಗೆ ಅದನ್ನ ಗುಜರಿಗೆ ಕೊಟ್ರು. "ಎಂಜಿನ್ ಹೋಯ್ತಾ ಮಾವ?" ಅಂತ ಕೇಳ್ದೆ. "ಎಂಜಿನ್ ಚೆನ್ನಾಗೇ ಇತ್ತು ಕಣೋ. ಸಾಬ್ರು ತೀರ್ಕೊಂಡ್ರು. ಅವರ ಮಗ ಮೊಬೈಲ್ ಅಂಗಡಿ ಇಟ್ಟ. ಇನ್ಯಾರ ಹತ್ರ ಬಿಡ್ಲಿ?" ಅಂದ್ರು. ಸಾಬ್ರು ಅಂದ್ರೆ ಮೂವತ್ತು ವರ್ಷ ಆ ಲಾರಿಯನ್ನ ನೋಡ್ಕೊಂಡಿದ್ದ ಮೆಕ್ಯಾನಿಕ್. ಲಾರಿಯ ಆಯಸ್ಸು ಮೆಕ್ಯಾನಿಕ್‌ನ ಆಯಸ್ಸಿಗೆ ಗಂಟು ಬಿದ್ದಿರುತ್ತೆ ಅಂತ ನನಗೆ ಆವತ್ತು ಗೊತ್ತಾಯ್ತು.

ಆದ್ರೆ ಬರೀ ಹೊಗಳಿ ಎದ್ದುಹೋದ್ರೆ ತಪ್ಪಾಗುತ್ತೆ. ಈ ಲಾರಿಗಳಲ್ಲಿ ಏರ್‌ಬ್ಯಾಗ್ ಇಲ್ಲ, ಎಬಿಎಸ್ ಇಲ್ಲ. ಏಳು ಟನ್ನಿನ ಆಸುಪಾಸಿಗೆ ಅಂತ ಮಾಡಿದ ಗಾಡಿಗೆ ಅದಕ್ಕಿಂತ ಎಷ್ಟೋ ಜಾಸ್ತಿ ತುಂಬಿ ಘಾಟಿ ಹತ್ತಿಸ್ತಾರೆ. ಇಳಿಯುವಾಗ ಬ್ರೇಕ್ ಕೈಕೊಟ್ರೆ ಹೋಗೋದು ಡ್ರೈವರ್ ಮತ್ತು ಕ್ಲೀನರ್ ಹುಡುಗನ ಜೀವ. ಹೊಗೆಯಂತೂ ಕೇಳ್ಬೇಡಿ. ಚಳಿಗಾಲದಲ್ಲಿ ಲಾಹೋರ್ ಜನ ಉಸಿರಾಡೋದೇ ಕಷ್ಟ ಅನ್ನೋ ಹಾಗಿರುತ್ತೆ, ಅದರಲ್ಲಿ ವಾಹನಗಳ ಪಾಲು ದೊಡ್ಡದು. ನಮ್ಮಲ್ಲೂ 2023ರ ಏಪ್ರಿಲ್‌ನಿಂದ 15 ವರ್ಷ ದಾಟಿದ ಸರ್ಕಾರಿ ವಾಹನಗಳನ್ನ ಗುಜರಿಗೆ ಹಾಕೋ ನಿಯಮ ಬಂದಿದ್ದು ಇಂಥ ಕಾರಣಕ್ಕೇ.

ಹಾಗಾದ್ರೆ ನಾನು ಯಾವ ಕಡೆ? ಹೊಗೆ ಉಗುಳೋ ಎಂಜಿನ್ ರಸ್ತೆಯಿಂದ ಹೋಗ್ಲಿ, ನನಗೆ ಬೇಜಾರಿಲ್ಲ. ಆದ್ರೆ ಅದರ ಜೊತೆ ಬಿಚ್ಚಿ ರಿಪೇರಿ ಮಾಡೋ ವಿದ್ಯೆಯೂ ಹೋಗ್ಬಾರ್ದು. ಹೊಸ ಲಾರಿ ಕೊಳ್ಳೋ ಡ್ರೈವರ್‌ಗೆ ಪಾರ್ಟ್ಸ್ ಸಿಗ್ಬೇಕು, ಊರಿನ ಮೆಕ್ಯಾನಿಕ್‌ಗೆ ಅದನ್ನ ತೆರೆದು ನೋಡೋ ಅವಕಾಶ ಇರ್ಬೇಕು. ಇಲ್ಲಾಂದ್ರೆ ಅವನು ಲಾರಿಯ ಮಾಲೀಕ ಅಲ್ಲ, ಇಎಂಐ ಕಟ್ಟೋ ಬಾಡಿಗೆದಾರ ಅಷ್ಟೆ. ಎರಡು ವರ್ಷಕ್ಕೆ ಬ್ಯಾಟರಿ ಸತ್ತು, ಹೊಸದು ಹಾಕಿಸೋಕೆ ಒದ್ದಾಡಿದ ಫೋನ್ ನಿಮ್ಮ ಡ್ರಾಯರ್‌ನಲ್ಲೂ ಒಂದು ಇರ್ಬೇಕಲ್ಲ? ಅದನ್ನ ಒಂದ್ಸಲ ನೆನಪಿಸ್ಕೊಳ್ಳಿ.

ಕೊನೆಗೆ ಒಂದು ಸಣ್ಣ ಕೆಲಸ. ನಿಮ್ಮ ಊರಲ್ಲಿ, ಬೀದಿಯಲ್ಲಿ ಹಳೇ ಮೆಕ್ಯಾನಿಕ್ ಯಾರಾದ್ರೂ ಇದ್ರೆ ಹೋಗಿ ಮಾತಾಡ್ಸಿ. "ನೀವು ಕೆಲಸ ಕಲಿತಿದ್ದು ಯಾರ ಹತ್ರ?" ಅಂತ ಕೇಳಿ. ಅವರು ಒಪ್ಪಿದ್ರೆ ರೆಕಾರ್ಡ್ ಮಾಡಿ ನಮಗೆ ವಾಯ್ಸ್ ನೋಟ್ ಕಳಿಸಿ, ಮುಂದಿನ ಒಂದು ಎಪಿಸೋಡಲ್ಲಿ ಅವರದೇ ದನಿಯಲ್ಲಿ ಕೇಳೋಣ. ಸಾಬ್ರನ್ನ ನಾನು ಕೇಳ್ಲಿಲ್ಲ. ನೀವು ಕೇಳಿ.