ಬಡಾವಣೆಯ ಬಯಲು ಯಾರದು?

(ಕಳೆದ ಭಾನುವಾರ ಸಂಜೆ ಮಿಲ್ಲು ಕಾರ್ಮಿಕರೂ ಸಣ್ಣ ವ್ಯಾಪಾರಿಗಳೂ ಕೂಡಿದ್ದ ಸಭೆಯಲ್ಲಿ ಮಾಡಿದ ಭಾಷಣ)



ಹಗಲು ಪಾಳಿ ಮುಗಿಸಿ ಮನೆಗೂ ಹೋಗದೆ ಬಂದವರಿದ್ದೀರಿ. ಅಂಗಡಿಯ ಬಾಗಿಲನ್ನು ಅರ್ಧ ಎಳೆದು ಬಂದವರೂ ಇದ್ದೀರಿ. ಆದುದರಿಂದ ಪೀಠಿಕೆ ಬೆಳೆಸದೆ ವಿಷಯಕ್ಕೆ ಬರುತ್ತೇನೆ.

ಮಿಲ್ಲಿನ ಹಿಂದಿನ ಬಡಾವಣೆಯಲ್ಲಿ ಉದ್ಯಾನಕ್ಕೆಂದು ನಕ್ಷೆಯಲ್ಲಿ ಬಿಟ್ಟಿರುವ ಬಯಲಿದೆಯಷ್ಟೆ. ಅಲ್ಲಿ ಅಂಗಡಿ ಮಳಿಗೆಗಳನ್ನು ಕಟ್ಟಬೇಕೆಂಬ ಮಾತು ಎದ್ದಿದೆ. "ಕಟ್ಟಲಿ ಬಿಡಿ, ಅಲ್ಲಿ ಇರುವುದಾದರೂ ಏನು? ಜಾಲಿ ಗಿಡ, ಕಸದ ರಾಶಿ" ಎಂದು ನಮ್ಮವರೇ ಕೆಲವರು ಹೇಳುತ್ತಿದ್ದಾರೆ.

ಏನಿದೆ ಎಂಬುದು ನನಗೆ ಗೊತ್ತು. ನಾನು ಮೇಷ್ಟ್ರಾಗಿದ್ದಾಗ ನಮ್ಮ ಶಾಲೆಗೆ ಆಟದ ಬಯಲಿರಲಿಲ್ಲ. ಹುಡುಗರನ್ನು ಅಲ್ಲಿಗೇ ಕರೆದುಕೊಂಡು ಹೋಗುತ್ತಿದ್ದೆ. ಎರಡು ಬೇವಿನ ಮರಗಳ ಕೆಳಗೆ ರಾತ್ರಿ ಪಾಳಿಯವರು ಟವೆಲ್ಲು ಹಾಸಿ ಮಲಗಿರುತ್ತಿದ್ದರು. ತಗಡಿನ ಮಾಡಿನ ಮನೆ ಮಧ್ಯಾಹ್ನ ಕಾದ ಹಂಚಿನಂತಾಗುತ್ತದೆ. ಅಲ್ಲಿ ನಿದ್ದೆ ಎಲ್ಲಿ ಬಂದೀತು? ಒಂದು ದಿನ ಹುಡುಗರ ಗದ್ದಲಕ್ಕೆ ಒಬ್ಬ ಹಿರಿಯರು ಎದ್ದು ಕುಳಿತರು. "ಮೇಷ್ಟ್ರೇ, ಹುಡುಗರನ್ನ ಆ ಕಡೆ ಆಡಸ್ರಿ. ಇಲ್ಲಿ ಒಂದು ತಾಸು ನಿದ್ದೆ ಆದ್ರೆ ರಾತ್ರಿ ಕೈ ಮಿಷಿನ್ನಿಗೆ ಸಿಗಲ್ಲ" ಎಂದರು. ಉದ್ಯಾನವೆಂದರೆ ಹೊಟ್ಟೆ ತುಂಬಿದವರ ಗಾಳಿ ಸೇವನೆ ಎಂದು ತಿಳಿದಿದ್ದ ನನಗೆ ಅಂದು ಪಾಠವಾಯಿತು.

ಈ ತಿಳಿವಳಿಕೆ ಹೊಸದಲ್ಲ. ಹತ್ತಿ ಗಿರಣಿಗಳ ತವರಾದ ಇಂಗ್ಲೆಂಡಿನ ಮ್ಯಾಂಚೆಸ್ಟರಿನಲ್ಲಿ 1846ರಲ್ಲಿಯೇ ಸಾರ್ವಜನಿಕ ವಂತಿಗೆಯಿಂದ ಜನರಿಗಾಗಿ ಉದ್ಯಾನಗಳನ್ನು ತೆರೆದರು. ಹೊಗೆ ಕುಡಿದು ಬದುಕುವವನಿಗೆ ಹಸುರು ಬೇಕೆಂಬುದು ಆ ಊರಿಗೆ ಅಷ್ಟು ಹಿಂದೆಯೇ ಅರ್ಥವಾಗಿತ್ತು. ನಮ್ಮ ಬೆಂಗಳೂರಿನಲ್ಲಿ 1898ರ ಪ್ಲೇಗು ಈ ಪಾಠವನ್ನು ಕಲಿಸಿತು. ಇಕ್ಕಟ್ಟಿನ ಪೇಟೆಯಲ್ಲಿ ಜನ ಸತ್ತ ಮೇಲೆ ಬಸವನಗುಡಿ, ಮಲ್ಲೇಶ್ವರದಂತಹ ಅಗಲ ಬೀದಿಗಳ ಬಡಾವಣೆಗಳು ಬೆಳೆದವು. ಹೈದರಾಲಿ 1760ರಲ್ಲಿ ತನಗಾಗಿ ಆರಂಭಿಸಿದ ತೋಟವೇ ಇಂದು ಸುಮಾರು 240 ಎಕರೆಯ ಲಾಲ್‌ಬಾಗ್. ದೊರೆಯ ತೋಟ ಪ್ರಜೆಗಳದಾಯಿತು. ಪ್ರಜೆಗಳ ತೋಟ ಗುತ್ತಿಗೆದಾರನ ಪಾಲಾಗುವುದಾದರೆ ನಾವು ನಡೆಯುತ್ತಿರುವುದು ಮುಂದಕ್ಕೋ ಹಿಂದಕ್ಕೋ?

"ಸರ್ಕಾರವೇ ಕೊಟ್ಟರೆ ಯಾರು ತಡೆಯಬಲ್ಲರು?" ಎಂದು ಕೇಳುವವರಿದ್ದಾರೆ. ತಡೆದವರಿದ್ದಾರೆ. ಬೆಂಗಳೂರಿನ ರಾಜಮಹಲ್ ವಿಲಾಸ ಬಡಾವಣೆಯಲ್ಲಿ ಉದ್ಯಾನಕ್ಕೆ ಮೀಸಲಾಗಿದ್ದ ಜಾಗವನ್ನು 1976ರಲ್ಲಿ ಸರ್ಕಾರದ ಆದೇಶದಂತೆ ಖಾಸಗಿ ನರ್ಸಿಂಗ್ ಹೋಂ ಕಟ್ಟಲು ಕೊಡಲಾಯಿತು. ನಿವಾಸಿಗಳು ಹೈಕೋರ್ಟಿಗೆ ಹೋದರು. ಆಸ್ಪತ್ರೆಯೂ ನಾಗರಿಕ ಸೌಕರ್ಯವೇ ಎಂದು ಮೊದಲು ಅವರ ಅರ್ಜಿ ಬಿದ್ದುಹೋಯಿತು. ಅವರು ಬಿಡಲಿಲ್ಲ. ಮೇಲ್ಮನವಿಯಲ್ಲಿ ವಿಭಾಗೀಯ ಪೀಠ ಅವರ ಪರವಾಗಿ ತೀರ್ಪಿತ್ತಿತು. 1991ರಲ್ಲಿ ಸುಪ್ರೀಂ ಕೋರ್ಟು ಅದನ್ನು ಎತ್ತಿಹಿಡಿಯಿತು. ಆಸ್ಪತ್ರೆ ಒಳ್ಳೆಯದೇ ಇರಬಹುದು. ಆದರೆ ಜನರ ಉದ್ಯಾನವನ್ನು ಖಾಸಗಿಯವರಿಗೆ ಕೊಡುವ ಅಧಿಕಾರ ಆಳುವವರಿಗಿಲ್ಲ ಎಂಬುದು ಅದರ ಸಾರ. ಆ ಬಡಾವಣೆಯವರು ಅನುಕೂಲಸ್ಥರು, ವಕೀಲರಿಗೆ ಕೊಡಲು ಅವರಲ್ಲಿ ಹಣವಿತ್ತು ಎನ್ನಬಹುದು. ನಿಜ. ಆದರೆ ತೀರ್ಪು ಅವರೊಬ್ಬರ ಸ್ವತ್ತಲ್ಲ. ಅವರು ಹಣದಿಂದ ಗೆದ್ದುದನ್ನು ನಾವು ಒಗ್ಗಟ್ಟಿನಿಂದ ಉಳಿಸಿಕೊಳ್ಳಬಹುದು.

ನಮ್ಮ ರಾಜ್ಯದಲ್ಲಿ ಉದ್ಯಾನ, ಆಟದ ಬಯಲು ಮತ್ತು ತೆರೆದ ಜಾಗಗಳನ್ನು ಕಾಪಾಡಲೆಂದೇ 1985ರ ಕಾನೂನೊಂದಿದೆ. ಸ್ಥಳೀಯ ಸಂಸ್ಥೆ ಅಂತಹ ಜಾಗಗಳ ಪಟ್ಟಿ ಮಾಡಬೇಕು, ಅದನ್ನು ಪ್ರಕಟಿಸಬೇಕು. ಬೆಂಗಳೂರಿನ ಅಭಿವೃದ್ಧಿ ಪ್ರಾಧಿಕಾರದ ಕಾಯಿದೆಯಂತೂ ಬಡಾವಣೆಯ ನೂರಕ್ಕೆ 15 ಪಾಲು ನೆಲ ಉದ್ಯಾನ, ಆಟದ ಬಯಲುಗಳಿಗೇ ಇರಬೇಕೆನ್ನುತ್ತದೆ. ಕಾನೂನು ಪುಸ್ತಕದಲ್ಲಿ ಮಲಗಿದೆ. ಅದನ್ನು ತಟ್ಟಿ ಎಬ್ಬಿಸುವುದು ನಮ್ಮ ಕೆಲಸ.

ಇನ್ನು ವ್ಯಾಪಾರಿ ಮಿತ್ರರಿಗೆ ಒಂದು ಮಾತು. ಮಳಿಗೆ ಕಟ್ಟಿದರೆ ನಮಗೂ ಒಂದು ಬಾಗಿಲು ಸಿಕ್ಕೀತು ಎಂಬ ಆಸೆ ನಿಮಗಿದೆ. ಅದು ತಪ್ಪಲ್ಲ. ಬಿಸಿಲಿನಲ್ಲಿ ಗಾಡಿ ನಿಲ್ಲಿಸಿಕೊಂಡವನಿಗೆ ನೆರಳಿನ ಅಂಗಡಿ ಬೇಡವೆನ್ನಲು ನಾನಾರು? ನಮ್ಮ ಪಕ್ಷದ ಗೆಳೆಯರಲ್ಲಿಯೂ ಕೆಲವರು ಮಳಿಗೆಯ ಆಸೆಯಲ್ಲಿದ್ದಾರೆ, ಮುಚ್ಚಿಟ್ಟು ಪ್ರಯೋಜನವಿಲ್ಲ. ಆದರೆ ಯೋಚಿಸಿ. ಮಳಿಗೆಗಳು ಹರಾಜಿಗೆ ಬಂದಾಗ ಮುಂಗಡ ಕಟ್ಟುವವರು ಯಾರು? ದಿನದ ಬಡ್ಡಿಗೆ ಸಾಲ ತಂದು ಹೂವು, ಸೊಪ್ಪು ಮಾರುವವನೇ? ಅಥವಾ ಈಗಾಗಲೇ ನಾಲ್ಕು ಅಂಗಡಿಯಿರುವ ಸಾಹುಕಾರನೇ? ಬಯಲನ್ನೂ ಕಳೆದುಕೊಂಡು, ಸಾಹುಕಾರನ ಬಳಿ ಒಳಬಾಡಿಗೆಗೆ ಕೈಯೊಡ್ಡುವ ಪಾಡು ನಿಮಗೆ ಬರಬಾರದು. ನಿಮ್ಮ ಜಾಗದ ಬೇಡಿಕೆ ಬೇರೆಯಾಗಿಯೇ ಇರಲಿ. ಅದಕ್ಕೆ ಮಿಲ್ಲಿನವರೂ ನಿಲ್ಲುತ್ತಾರೆ. ಮಗುವಿನ ಬಯಲು ಕಿತ್ತು ಅಪ್ಪನಿಗೆ ಅಂಗಡಿ ಕೊಡುವ ಲೆಕ್ಕ ಮಾತ್ರ ನಮಗೆ ಬೇಡ.

ನಮ್ಮ ತಪ್ಪನ್ನೂ ಹೇಳಬೇಕು. ಆ ಬಯಲಿಗೆ ಕಸ ಸುರಿದವರು ಯಾರು? ಪರ ಊರಿನಿಂದ ಯಾರೂ ಬರಲಿಲ್ಲ. ಎಮ್ಮೆ ಕಟ್ಟಿದವರೂ ಗೋಡೆ ಒಡೆದ ಇಟ್ಟಿಗೆ ಸುರಿದವರೂ ನಾವೇ. ಜನರೇ ತಿಪ್ಪೆ ಮಾಡಿದ ಜಾಗವನ್ನು "ಅಭಿವೃದ್ಧಿ" ಮಾಡುತ್ತೇವೆಂದು ಬರುವುದು ಉಳ್ಳವರಿಗೆ ಸುಲಭ. ತಿಪ್ಪೆಯೇ ಅವರ ವಕೀಲ.

ಇನ್ನೊಂದು ಎಚ್ಚರ. ಉದ್ಯಾನ ಬಂದರೆ ಸಾಲದು. ಸುತ್ತ ಕಬ್ಬಿಣದ ಬೇಲಿ, ಮಧ್ಯಾಹ್ನ ಬೀಗ, ಒಳಗೆ ಮುಟ್ಟಬಾರದ ಹುಲ್ಲು, ಮಲಗಿದವನನ್ನು ಎಬ್ಬಿಸಲು ಕಾವಲುಗಾರ, ಇಂತಹ ಪಾರ್ಕು ಬೆಳಗ್ಗೆ ತಿರುಗಾಡುವವರಿಗೆ ಮಾತ್ರ. ರಾತ್ರಿ ಪಾಳಿಯವನಿಗೆ, ಗಾಡಿ ತಳ್ಳುವವನಿಗೆ, ಬುತ್ತಿ ಬಿಚ್ಚಿ ಉಣ್ಣುವ ಹೆಣ್ಣುಮಗಳಿಗೆ ನೆರಳು ಬೇಕಾಗುವುದೇ ಮಧ್ಯಾಹ್ನ. ನಮಗೆ ಬೇಕಾದದ್ದು ಬೇವು, ಹೊಂಗೆ, ಕುಡಿಯುವ ನೀರಿನ ನಲ್ಲಿ, ಹೆಂಗಸರಿಗೆ ಶೌಚಾಲಯ, ಸಂಜೆಗೆ ದೀಪ, ತೆರೆದ ಬಾಗಿಲು.

ಆದುದರಿಂದ ಮೂರು ಕೆಲಸಗಳು. ಒಂದು, ಬಡಾವಣೆಯ ಮಂಜೂರಾದ ನಕ್ಷೆಯ ಪ್ರತಿಯನ್ನೂ ಉದ್ಯಾನಗಳ ಪಟ್ಟಿಯನ್ನೂ ಅರ್ಜಿ ಕೊಟ್ಟು ಪಡೆಯೋಣ. ಕೇಳಲು 2005ರ ಮಾಹಿತಿ ಹಕ್ಕಿನ ಕಾನೂನಿದೆ. ಎರಡು, ಮಿಲ್ಲಿನವರ ಮತ್ತು ವ್ಯಾಪಾರಿಗಳ ಸಹಿ ಒಂದೇ ಮನವಿಯ ಮೇಲೆ ಬೀಳಲಿ. ಎರಡು ಮನವಿಯಾದರೆ ನಮ್ಮನ್ನು ಒಡೆಯುವುದು ಸುಲಭ. ಮೂರು, ಬರುವ ಭಾನುವಾರ ಬೆಳಗ್ಗೆ ಏಳಕ್ಕೆ ಗುದ್ದಲಿ, ಪುಟ್ಟಿ ಹಿಡಿದು ಬಯಲಿಗೆ ಬನ್ನಿ. ಮೊದಲು ನಮ್ಮ ಕಸವನ್ನು ನಾವು ಎತ್ತೋಣ.

1951ರಲ್ಲಿ ಸಾಗರದ ಸೀಮೆಯ ಕಾಗೋಡಿನಲ್ಲಿ ರೈತರು ನೆಲ ಯಾರದೆಂದು ಕೇಳಿದರು. ಪಟ್ಟಣದ ನೆಲದ ಬಗ್ಗೆ ಅದೇ ಪ್ರಶ್ನೆಯನ್ನು ನಾವು ಕೇಳಬೇಕಾಗಿದೆ. ಆ ಎರಡು ಬೇವಿನ ಮರಗಳು ಇನ್ನೂ ನಿಂತಿವೆ. ಭಾನುವಾರ ಅವುಗಳ ಕೆಳಗೆ ಸೇರೋಣ.