ಕಡೂರಿನ ಮಗಳ ಆಟದ ದುಡಿಮೆ



ಕಡೂರು, ತರೀಕೆರೆ, ಅಜ್ಜಂಪುರದ ಸಂಘಗಳಿಂದ ಮನೆಗೆಲಸ ಮುಗಿಸಿ ಬಂದಿದ್ದೀರಿ. ಉಳಿತಾಯ, ಸಾಲ, ಮರುಪಾವತಿ ಬಗ್ಗೆ ಪ್ರತಿ ಸಭೆಯಲ್ಲೂ ಮಾತಾಡ್ತೇವೆ. ಇವತ್ತು ನಮ್ಮ ಕಡೂರಿನ ಮಗಳೊಬ್ಬಳ ದುಡಿಮೆ ಬಗ್ಗೆ ಮಾತಾಡೋಣ. ಹೆಸರು ವೇದಾ ಕೃಷ್ಣಮೂರ್ತಿ, ಕ್ರಿಕೆಟ್ ಆಟಗಾರ್ತಿ. ಆಟ ಎಲ್ಲಿ, ದುಡಿಮೆ ಎಲ್ಲಿ ಅಂತ ನೀವು ಕೇಳಬಹುದು. ಸ್ವಲ್ಪ ಕೇಳಿ, ಆಮೇಲೆ ನೀವೇ ಹೇಳಿ.

1992ರಲ್ಲಿ ಹುಟ್ಟಿದ ವೇದಾ ಮೊದಲು ಕಲಿತದ್ದು ಕರಾಟೆ. 12ನೇ ವಯಸ್ಸಿಗೇ ಬ್ಲ್ಯಾಕ್ ಬೆಲ್ಟ್. ಜೊತೆಗೆ ಬೀದಿಯಲ್ಲಿ ಗಂಡುಹುಡುಗರ ಸಂಗಡ ಕ್ರಿಕೆಟ್. 13ರ ಹೊತ್ತಿಗೆ ತರಬೇತಿಗೆಂದು ಬೆಂಗಳೂರಿಗೆ ಹೋದರು. ನಮ್ಮ ಮನೆಗಳಲ್ಲಿ ಆ ವಯಸ್ಸಿಗೆ ಏನು ಮಾಡ್ತೇವೆ? "ದೊಡ್ಡವಳಾದಳು, ಇನ್ನು ಆಡಿದ್ದು ಸಾಕು" ಅಂತ ಒಳಗೆ ಕರೀತೇವೆ. ಆ ಮನೆಯವರು ಕಳಿಸಿಕೊಟ್ಟರು. ಮೊದಲ ಬಂಡವಾಳ ಅದೇ ಅಂತ ನಾವು ತಿಳಿದಿದ್ದೇವೆ.

2011ರ ಜೂನ್ 30ರಂದು ಇಂಗ್ಲೆಂಡಿನ ಡರ್ಬಿಯಲ್ಲಿ, 18ರ ವಯಸ್ಸಿನಲ್ಲಿ ಭಾರತದ ಪರ ಮೊದಲ ಏಕದಿನ ಪಂದ್ಯ. ಆ ದಿನವೇ 51 ರನ್. ಆದರೆ ಆಗ ಹೆಣ್ಣುಮಕ್ಕಳಿಗೆ ಕ್ರಿಕೆಟ್ ಮಂಡಳಿಯ ವಾರ್ಷಿಕ ಗುತ್ತಿಗೆ ಇರಲೇ ಇಲ್ಲ, ಅದು ಬಂದದ್ದು 2015ರಲ್ಲಿ. ಎಷ್ಟೋ ಆಟಗಾರ್ತಿಯರಿಗೆ ಅನ್ನ ಕೊಟ್ಟದ್ದು ರೈಲ್ವೆ ನೌಕರಿ. ವೇದಾ ಕೂಡ ರೈಲ್ವೆಯಲ್ಲಿದ್ದರು. (ಬೀರೂರು ಜಂಕ್ಷನ್ ಪಕ್ಕದವರಾದ ನಮಗೆ ರೈಲು ಅಂದರೆ ಬರೀ ಪ್ರಯಾಣ ಅಷ್ಟೇ!)

2017ರ ವಿಶ್ವಕಪ್‌ನಲ್ಲಿ ಅದೇ ಡರ್ಬಿ. ನ್ಯೂಜಿಲೆಂಡ್ ವಿರುದ್ಧ ಸೋತರೆ ಮನೆಗೆ ಬರಬೇಕಿತ್ತು. ವೇದಾ 45 ಎಸೆತಕ್ಕೆ 70 ರನ್ ಹೊಡೆದರು. ವಿಜಯಪುರ ಕಡೆಯ ರಾಜೇಶ್ವರಿ ಗಾಯಕ್ವಾಡ್ 15 ರನ್ ಕೊಟ್ಟು 5 ವಿಕೆಟ್ ಕಿತ್ತರು. ಇಬ್ಬರು ಕನ್ನಡದ ಹೆಣ್ಮಕ್ಕಳು ಒಂದೇ ದಿನ! ಲಾರ್ಡ್ಸ್‌ನ ಫೈನಲ್‌ನಲ್ಲಿ ಮಾತ್ರ ಬರೀ 9 ರನ್ನಿಂದ ಸೋತೆವು. ಆ ದಿನ ವೇದಾ 35.

ಮುಂದಿನದು ಕಷ್ಟದ ಕಥೆ. 2020ರ ಮಾರ್ಚ್ 8, ಮಹಿಳಾ ದಿನದಂದೇ ಮೆಲ್ಬರ್ನ್‌ನಲ್ಲಿ 86,174 ಜನರ ಎದುರು ಟಿ-20 ವಿಶ್ವಕಪ್ ಫೈನಲ್ ಆಡಿದರು. ಭಾರತದ ಪರ ಅದೇ ಕೊನೆ ಪಂದ್ಯವಾಯಿತು. 2021ರಲ್ಲಿ ಕೊರೊನಾ ಎರಡೇ ವಾರದ ಅಂತರದಲ್ಲಿ ತಾಯಿಯನ್ನೂ ಅಕ್ಕನನ್ನೂ ಒಯ್ದಿತು. ನಮ್ಮ ಸಂಘಗಳಲ್ಲೂ ಆ ವರ್ಷ ಯಾರ್ಯಾರನ್ನು ಕಳಕೊಂಡೆವು, ಬಿಡಿಸಿ ಹೇಳಬೇಕಾಗಿಲ್ಲ. 2023ರಲ್ಲಿ ಮಹಿಳಾ ಪ್ರೀಮಿಯರ್ ಲೀಗ್ ಶುರುವಾದಾಗ ಹರಾಜಿನಲ್ಲಿ ಅವರನ್ನು ಯಾರೂ ಕೊಳ್ಳಲಿಲ್ಲ. ಆದರೂ ಬ್ಯಾಟು ಕೆಳಗಿಡಲಿಲ್ಲ. ಮುಂದಿನ ಹರಾಜಿನಲ್ಲಿ ಗುಜರಾತ್ ಜೈಂಟ್ಸ್ ತಂಡ 30 ಲಕ್ಷಕ್ಕೆ ತೆಗೆದುಕೊಂಡಿತು. ನಮಗೇನೋ ಆ 70 ರನ್ನಿಗಿಂತ ಇದೇ ದೊಡ್ಡದು ಅನಿಸ್ತದೆ.

2025ರ ಜುಲೈನಲ್ಲಿ ನಿವೃತ್ತಿ ಹೇಳುವಾಗ ಲೆಕ್ಕ ಹೀಗಿತ್ತು: 48 ಏಕದಿನ, 76 ಟಿ-20. ಗಂಡಸರಷ್ಟೇ ಪಂದ್ಯ ಶುಲ್ಕ, ಏಕದಿನಕ್ಕೆ 6 ಲಕ್ಷ, ಅಂತ ಮಂಡಳಿ ಸಾರಿದ್ದು 2022ರಲ್ಲಿ. ಅಷ್ಟರಲ್ಲಿ ವೇದಾ ಭಾರತ ತಂಡದಲ್ಲಿರಲಿಲ್ಲ. ಅವರು ನಿವೃತ್ತರಾದ ನಾಲ್ಕೇ ತಿಂಗಳಲ್ಲಿ, ನವೆಂಬರ್ 2ರಂದು, ನಮ್ಮ ಹೆಣ್ಮಕ್ಕಳು ವಿಶ್ವಕಪ್ಪನ್ನೇ ಗೆದ್ದರು.

ಈಗ ಒಂದು ಕೆಲಸ. ಸದಸ್ಯೆಯೊಬ್ಬಳು ಮಗಳ ಆಟದ ಶೂಗೆ, ಕ್ಯಾಂಪಿಗೆ ಸಾಲ ಕೇಳಿದರೆ ಪುಸ್ತಕದಲ್ಲಿ ಯಾವ ಉದ್ದೇಶ ಅಂತ ಬರೀತೀರಿ? ಇತರೆ ಖರ್ಚು ಅಂತಲೋ, ವಿದ್ಯಾಭ್ಯಾಸ ಅಂತಲೋ? ಮುಂದಿನ ವಾರದ ಸಭೆಯಲ್ಲಿ ಚರ್ಚಿಸಿ, ಠರಾವು ಬರೆದು ತನ್ನಿ.